ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ: ತಪಾಸಣೆಗೂ ಕಡತಕ್ಕೂ ಒಂದು ಮಾರ್ಗದರ್ಶಿ

ಚಿಕಿತ್ಸೆ ಮುಗಿಯಿತು, ಸ್ಕ್ಯಾನ್‌ನಲ್ಲಿ ರೋಗದ ಕುರುಹು ಕಾಣುತ್ತಿಲ್ಲ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ. ಇನ್ನು ಎಷ್ಟು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು, ಇಷ್ಟೊಂದು ಕಾಗದಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂಬ ಪ್ರಶ್ನೆಗಳನ್ನು ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಅವುಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆದಿದ್ದೇನೆ. ಶ್ವಾಸಕೋಶ, ಶ್ವಾಸನಾಳ, ಧ್ವನಿಪೆಟ್ಟಿಗೆ, ಥೈಮಸ್ ಗ್ರಂಥಿ, ಶ್ವಾಸಕೋಶವನ್ನು ಸುತ್ತುವರಿದ ಪೊರೆ ಮತ್ತು ಎರಡು ಶ್ವಾಸಕೋಶಗಳ ನಡುವಿನ ಭಾಗ, ಇವುಗಳಲ್ಲಿ ಎಲ್ಲಿ ಕ್ಯಾನ್ಸರ್ ಆಗಿದ್ದವರಿಗೂ ಇದು ಬಹುಪಾಲು ಅನ್ವಯಿಸುತ್ತದೆ. ನಿಮ್ಮ ವೈದ್ಯರು ಬೇರೆ ರೀತಿಯ ವೇಳಾಪಟ್ಟಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಆದರೆ ಅದಕ್ಕೆ ಕಾರಣವೇನೆಂದು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ವರ್ಷಗಳು ಕಳೆದಂತೆ ವೈದ್ಯರು ಬದಲಾಗುತ್ತಾರೆ, ಆಸ್ಪತ್ರೆ ಬದಲಾಗುತ್ತದೆ, ದಾಖಲೆ ಕೊಠಡಿಗಳು ಹಳೆಯ ಕಾಗದಗಳನ್ನು ವಿಲೇವಾರಿ ಮಾಡುತ್ತವೆ. ಎಲ್ಲ ಕಡೆಗೂ ನಿಮ್ಮೊಂದಿಗೆ ಬರುವುದು ನೀವೇ ಇಟ್ಟುಕೊಂಡ ಕಡತ ಮಾತ್ರ. ಆದ್ದರಿಂದ ಕೆಳಗಿನ ಹಂತಗಳಲ್ಲಿ ತಪಾಸಣೆಯಷ್ಟೇ ಜಾಗವನ್ನು ಕಡತಕ್ಕೂ ಕೊಟ್ಟಿದ್ದೇನೆ.

ಹಂತ 1: ನಿಮ್ಮ ಸ್ಥಿತಿ ಯಾವುದು ಎಂದು ಖಚಿತಪಡಿಸಿಕೊಳ್ಳಿ

ಚಿಕಿತ್ಸೆ ಪೂರ್ಣವಾಗಿ ಮುಗಿದಿದೆಯೇ ಅಥವಾ ಇನ್ನೂ ನಡೆಯುತ್ತಿದೆಯೇ ಎಂಬುದನ್ನು ಮೊದಲು ವೈದ್ಯರಿಂದ ಸ್ಪಷ್ಟವಾಗಿ ಕೇಳಿ ಬರೆದುಕೊಳ್ಳಿ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯನ್ನು ಪೂರ್ತಿ ತೆಗೆದಿದ್ದರೂ, ಮರುಕಳಿಕೆಯನ್ನು ತಡೆಯಲು ನೀವು ದಿನವೂ ಮಾತ್ರೆ ನುಂಗುತ್ತಿದ್ದರೆ ವೈದ್ಯಕೀಯ ದೃಷ್ಟಿಯಲ್ಲಿ ಚಿಕಿತ್ಸೆ ಮುಗಿದಿಲ್ಲ. ಉದಾಹರಣೆಗೆ, ಇಜಿಎಫ್‌ಆರ್ ಎಂಬ ಜೀನಿನಲ್ಲಿ ನಿರ್ದಿಷ್ಟ ಬದಲಾವಣೆ ಇರುವ ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ಕೊಡುವ ಒಸಿಮರ್ಟಿನಿಬ್ ಮಾತ್ರೆಯನ್ನು ಸಾಮಾನ್ಯವಾಗಿ 3 ವರ್ಷ ತೆಗೆದುಕೊಳ್ಳಬೇಕಾಗುತ್ತದೆ.

ಈ ವ್ಯತ್ಯಾಸ ಕಾಗದದ ಮೇಲೂ ಮುಖ್ಯ. ರೋಗಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಈಗ ಇರುವ ಶ್ವಾಸಕೋಶದ ಕ್ಯಾನ್ಸರಿಗೆ ಸಿ34 ಎಂದೂ, ಹಿಂದೆ ಇದ್ದು ಚಿಕಿತ್ಸೆ ಮುಗಿದಿರುವ ಶ್ವಾಸನಾಳ ಅಥವಾ ಶ್ವಾಸಕೋಶದ ಕ್ಯಾನ್ಸರಿಗೆ ಝಡ್85.1 ಎಂದೂ ಸಂಕೇತಗಳಿವೆ. ಧ್ವನಿಪೆಟ್ಟಿಗೆ, ಥೈಮಸ್ ಮೊದಲಾದ ಉಸಿರಾಟದ ಮತ್ತು ಎದೆಗೂಡಿನೊಳಗಿನ ಇತರ ಅಂಗಗಳಲ್ಲಿ ಹಿಂದೆ ಕ್ಯಾನ್ಸರ್ ಇದ್ದವರಿಗೆ ಝಡ್85.2 ಎಂದು ಬರೆಯುತ್ತಾರೆ. ಚಿಕಿತ್ಸೆ ಮುಗಿದ ಮೇಲೂ ಸಾರಾಂಶ ಪತ್ರಗಳಲ್ಲಿ ಹಳೆಯ ಸಂಕೇತವೇ ನಕಲಾಗುತ್ತ ಹೋದರೆ, ವಿಮೆ ಮತ್ತು ಉದ್ಯೋಗದ ಅರ್ಜಿಗಳಲ್ಲಿ ನಿಮಗೆ ರೋಗ ಈಗಲೂ ಇದೆ ಎಂಬ ಅರ್ಥ ಬರುತ್ತದೆ. ಅಂಥ ತಪ್ಪು ಕಂಡರೆ ತಿದ್ದಿಸಿಕೊಳ್ಳಿ. ಇದರ ವಿರುದ್ಧದ ತಪ್ಪು ಇನ್ನೂ ದೊಡ್ಡದು: ಎಲ್ಲವೂ ಮುಗಿದುಹೋದ ವಿಷಯವೆಂದು ಹಿಂದಿನ ಕ್ಯಾನ್ಸರನ್ನು ಹೊಸ ವೈದ್ಯರಿಂದ ಮುಚ್ಚಿಡಬೇಡಿ.

ಹಂತ 2: ಮೂಲ ದಾಖಲೆಗಳನ್ನು ಒಟ್ಟುಮಾಡಿ

ಈ ಕೆಲಸವನ್ನು ಚಿಕಿತ್ಸೆ ಮುಗಿದ ಮೊದಲ ಕೆಲವು ವಾರಗಳಲ್ಲೇ ಮಾಡಿ, ಏಕೆಂದರೆ ಆಗ ಎಲ್ಲವೂ ಸುಲಭವಾಗಿ ಸಿಗುತ್ತವೆ. ನಿಮ್ಮ ಬಳಿ ಇರಬೇಕಾದವು ಇವು:

- ಬಯಾಪ್ಸಿ ವರದಿ, ಅಂದರೆ ತೆಗೆದ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕೊಟ್ಟ ವರದಿ. ಶಸ್ತ್ರಚಿಕಿತ್ಸೆ ಆಗಿದ್ದರೆ ತೆಗೆದ ಇಡೀ ಭಾಗದ ಪೆಥಾಲಜಿ ವರದಿ.
- ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಡಿಸ್ಚಾರ್ಜ್ ಸಾರಾಂಶ ಇದಕ್ಕೆ ಬದಲಿಯಲ್ಲ. ಶ್ವಾಸಕೋಶದ ಯಾವ ಹಾಲೆ (ಲೋಬ್ ಎಂಬ ವಿಭಾಗ) ತೆಗೆದರು, ಯಾವ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್‌ಗಳನ್ನು) ತೆಗೆದರು ಎಂಬ ಪೂರ್ಣ ವಿವರ ಟಿಪ್ಪಣಿಯಲ್ಲೇ ಇರುತ್ತದೆ.
- ಕಿಮೊಥೆರಪಿಯ ಔಷಧಿಗಳ ಹೆಸರು, ಪ್ರತಿ ಸುತ್ತಿನ ಪ್ರಮಾಣ, ಒಟ್ಟು ಸುತ್ತುಗಳು, ಮೊದಲ ಮತ್ತು ಕೊನೆಯ ದಿನಾಂಕ.
- ವಿಕಿರಣ ಚಿಕಿತ್ಸೆಯ ಸಾರಾಂಶ: ಒಟ್ಟು ಪ್ರಮಾಣ ಎಷ್ಟು ಗ್ರೇ (ವಿಕಿರಣದ ಅಳತೆಯ ಮಾನ), ಎಷ್ಟು ಕಂತುಗಳಲ್ಲಿ, ಎದೆಯ ಯಾವ ಭಾಗಕ್ಕೆ.
- ಜೀನ್ ಪರೀಕ್ಷೆಗಳ ವರದಿ: ಇಜಿಎಫ್‌ಆರ್, ಎಎಲ್‌ಕೆ, ಆರ್‌ಓಎಸ್1 ಮೊದಲಾದವು, ಜೊತೆಗೆ ಪಿಡಿ-ಎಲ್1 (ಕ್ಯಾನ್ಸರ್ ಕೋಶಗಳ ಮೇಲಿರುವ ಒಂದು ಪ್ರೋಟೀನ್) ಪರೀಕ್ಷೆ.
- ಎಲ್ಲ ಸ್ಕ್ಯಾನ್‌ಗಳ ವರದಿಗಳು ಮತ್ತು ಮೂಲ ಚಿತ್ರಗಳು.

ಪೆಥಾಲಜಿ ವಿಷಯದಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ನಿಮ್ಮ ಅಂಗಾಂಶದ ಚೂರನ್ನು ಮೇಣದಲ್ಲಿ ಹುದುಗಿಸಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ಅದನ್ನು ಪ್ಯಾರಾಫಿನ್ ಬ್ಲಾಕ್ ಎನ್ನುತ್ತಾರೆ. ಮುಂದೆ ಎಂದಾದರೂ ಹೊಸ ಜೀನ್ ಪರೀಕ್ಷೆ ಬೇಕಾದರೆ, ಅಥವಾ ಹೊಸದಾಗಿ ಕಂಡ ಗಂಟು ಹಳೆಯ ಕ್ಯಾನ್ಸರಿನದೇ ಅಥವಾ ಬೇರೆಯದೇ ಎಂದು ಹೋಲಿಸಬೇಕಾದರೆ, ಆ ಬ್ಲಾಕ್ ಇಲ್ಲದೆ ಕೆಲಸ ಸಾಗುವುದಿಲ್ಲ. ಅದನ್ನು ಎಷ್ಟು ವರ್ಷ ಉಳಿಸುತ್ತೀರಿ ಎಂದು ಪ್ರಯೋಗಾಲಯವನ್ನು ಈಗಲೇ ಕೇಳಿ, ಬ್ಲಾಕ್‌ನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯಕ್ಕಾಗಿ ಅದನ್ನು ಹೊರಗೆ ತೆಗೆದುಕೊಂಡು ಹೋಗುವುದಾದರೆ ರಸೀದಿ ಪಡೆಯಿರಿ, ಬಿಸಿಲು ಮತ್ತು ಶಾಖ ತಾಗದಂತೆ ನೋಡಿಕೊಳ್ಳಿ, ಕೆಲಸ ಮುಗಿದೊಡನೆ ಹಿಂದಿರುಗಿಸಿ. ಇರುವುದು ಒಂದೇ ಬ್ಲಾಕ್ ಆಗಿದ್ದರೆ ಅದನ್ನು ಕೊಡುವ ಬದಲು ಅದರಿಂದ ಕತ್ತರಿಸಿದ ಸ್ಲೈಡ್‌ಗಳು ಸಾಕಾಗುತ್ತವೆಯೇ ಎಂದು ಮೊದಲು ವಿಚಾರಿಸಿ.

ರೋಗದ ಹಂತವನ್ನು ಬರೆದುಕೊಳ್ಳುವಾಗ "ಎರಡನೇ ಹಂತ", "ಮೂರನೇ ಹಂತ" ಎಂದಷ್ಟೇ ಬರೆದರೆ ಸಾಲದು. ಟಿಎನ್‌ಎಂ ಎಂಬ ಪದ್ಧತಿಯಲ್ಲಿ ಟಿ ಅಂದರೆ ಗಡ್ಡೆಯ ಗಾತ್ರ ಮತ್ತು ಹರಡುವಿಕೆ, ಎನ್ ಅಂದರೆ ದುಗ್ಧಗ್ರಂಥಿಗಳ ಸ್ಥಿತಿ, ಎಂ ಅಂದರೆ ದೂರದ ಅಂಗಗಳಿಗೆ ಹರಡಿದೆಯೇ ಎಂಬುದು. ಈ ಪದ್ಧತಿ ಆಗಾಗ ಪರಿಷ್ಕರಣೆಯಾಗುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಅದರ 9ನೇ ಆವೃತ್ತಿ 2025ರಿಂದ ಬಳಕೆಗೆ ಬಂದಿದೆ. ಹಳೆಯ ಆವೃತ್ತಿಯಲ್ಲಿ ಒಂದು ಹಂತಕ್ಕೆ ಸೇರಿದ್ದ ರೋಗ ಹೊಸದರಲ್ಲಿ ಇನ್ನೊಂದಕ್ಕೆ ಸೇರಬಹುದು. ಮೂರು ಅಕ್ಷರಗಳ ವಿವರವೂ ನಿಮ್ಮಲ್ಲಿದ್ದರೆ ಯಾವ ವೈದ್ಯರೂ ಅದನ್ನು ಸರಿಯಾಗಿ ಓದಿಕೊಳ್ಳಬಲ್ಲರು.

ಹಂತ 3: ಚಿತ್ರಗಳನ್ನು ಚಿತ್ರಗಳಾಗಿಯೇ ಉಳಿಸಿ

ನನ್ನ ಅಭಿಪ್ರಾಯದಲ್ಲಿ ಇಡೀ ಕಡತದಲ್ಲಿ ಅತ್ಯಂತ ಬೆಲೆಬಾಳುವುದು ಹಳೆಯ ಸಿಟಿ ಸ್ಕ್ಯಾನ್‌ನ ಮೂಲ ಚಿತ್ರ. ಶ್ವಾಸಕೋಶದಲ್ಲಿ 5 ಅಥವಾ 6 ಮಿಲಿಮೀಟರ್ ಗಾತ್ರದ ಒಂದು ಗಂಟು ಕಂಡರೆ, ಅದೇನೆಂದು ಆ ಒಂದು ಸ್ಕ್ಯಾನ್ ನೋಡಿ ಹೇಳುವುದು ಬಹುಪಾಲು ಸಾಧ್ಯವಾಗುವುದಿಲ್ಲ. ಅದು ಎರಡು ವರ್ಷದ ಹಿಂದೆಯೂ ಇದ್ದಿತೇ, ಇದ್ದಿದ್ದರೆ ಬೆಳೆದಿದೆಯೇ ಎಂಬುದೇ ನಿರ್ಣಾಯಕ. ಹಳೆಯ ಚಿತ್ರವಿದ್ದರೆ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುವ ವಿಷಯ, ಅದಿಲ್ಲದಿದ್ದರೆ ತಿಂಗಳುಗಟ್ಟಲೆ ಕಾದು ಮತ್ತೆ ಸ್ಕ್ಯಾನ್ ಮಾಡಿಸುವ ಅಥವಾ ಬಯಾಪ್ಸಿಗೆ ಒಳಗಾಗುವ ಮಟ್ಟಕ್ಕೆ ಹೋಗುತ್ತದೆ.

ಆದ್ದರಿಂದ ಪ್ರತಿ ಸ್ಕ್ಯಾನ್ ಆದಮೇಲೆ ಡೈಕಾಮ್ ರೂಪದಲ್ಲಿ ಚಿತ್ರಗಳನ್ನು ಕೇಳಿ ಪಡೆಯಿರಿ. ಡೈಕಾಮ್ ಎಂದರೆ ವೈದ್ಯಕೀಯ ಚಿತ್ರಗಳನ್ನು ಯಾವ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಪೂರ್ಣವಾಗಿ ತೆರೆದು ಅಳೆಯಲು ಬರುವ ಕಡತ ಮಾದರಿ. ದೊಡ್ಡ ಫಿಲ್ಮ್ ಹಾಳೆಯಲ್ಲಿ ನೂರಾರು ಪದರಗಳ ಪೈಕಿ ಕೆಲವನ್ನು ಮಾತ್ರ ಸಣ್ಣದಾಗಿ ಮುದ್ರಿಸಿರುತ್ತಾರೆ; ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಹೋಲಿಕೆಗೆ ಏನೂ ಉಪಯೋಗವಾಗುವುದಿಲ್ಲ. ಡಿಸ್ಕ್‌ನಲ್ಲಿ ಕೊಟ್ಟರೆ ಅದರೊಳಗಿನ ಎಲ್ಲ ಫೋಲ್ಡರ್‌ಗಳನ್ನೂ ಹೆಸರು ಬದಲಿಸದೆ ಹಾಗೆಯೇ ಕಂಪ್ಯೂಟರಿಗೂ ಇನ್ನೊಂದು ಡ್ರೈವ್‌ಗೂ ನಕಲಿಸಿ, ಏಕೆಂದರೆ ಡಿಸ್ಕ್‌ಗಳು ವರ್ಷಗಳಲ್ಲಿ ಕೆಡುತ್ತವೆ. ಹೊರಗಿನ ಫೋಲ್ಡರಿಗೆ ಮಾತ್ರ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿಡಿ: 2024-03-15 ಎದೆ ಸಿಟಿ ಎಂಬಂತೆ. ಹೀಗೆ ಮಾಡಿದರೆ ಎಲ್ಲವೂ ತಾವಾಗಿಯೇ ಕಾಲಾನುಕ್ರಮದಲ್ಲಿ ಬಂದು ಕೂರುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳು. ಸಾಧ್ಯವಾದಷ್ಟೂ ಒಂದೇ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿ. ಬೇರೆ ಕಡೆ ಮಾಡಿಸಿದರೆ ಹಳೆಯ ಚಿತ್ರಗಳನ್ನು ಸ್ಕ್ಯಾನ್‌ಗೆ ಮುಂಚೆಯೇ ಕೊಟ್ಟು, ಹೋಲಿಸಿ ವರದಿ ಬರೆಯಬೇಕೆಂದು ಕೇಳಿ. "ಹೋಲಿಕೆಗೆ ಹಿಂದಿನ ಚಿತ್ರಗಳು ಲಭ್ಯವಿರಲಿಲ್ಲ" ಎಂಬ ಸಾಲು ವರದಿಯಲ್ಲಿದ್ದರೆ, ಚಿತ್ರಗಳನ್ನು ಒದಗಿಸಿ ವರದಿಯನ್ನು ಪರಿಷ್ಕರಿಸಲು ವಿನಂತಿಸಿ. ಪ್ರತಿ ಕಡೆಯೂ ನಿಮ್ಮ ಹೆಸರಿನ ಕಾಗುಣಿತ ಮತ್ತು ಜನ್ಮದಿನಾಂಕ ಒಂದೇ ರೀತಿ ನಮೂದಾಗಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ಒಬ್ಬರೇ ರೋಗಿಯ ದಾಖಲೆಗಳು ಇಬ್ಬರ ಹೆಸರಿನಲ್ಲಿ ಹಂಚಿಹೋಗುತ್ತವೆ. ಇನ್ನು, ಕೆಲವು ಯಂತ್ರಗಳು ಕೊಡುವ ನುಣುಪು ಕಾಗದದ ಮುದ್ರಣ ಕಾಲಕ್ರಮದಲ್ಲಿ ಮಾಸಿಹೋಗುವುದರಿಂದ ಅಂಥವನ್ನು ಕೂಡಲೇ ನಕಲು ಮಾಡಿಸಿ.

ಹಂತ 4: ಒಂದು ಪುಟದ ಸಾರಾಂಶ ಬರೆಯಿರಿ

ತುರ್ತು ಸಂದರ್ಭದಲ್ಲಿ ದಪ್ಪ ಕಡತವನ್ನು ಓದಲು ಯಾರಿಗೂ ಸಮಯವಿರುವುದಿಲ್ಲ. ಒಂದೇ ಪುಟದಲ್ಲಿ ಹೆಸರು, ರೋಗದ ಪೂರ್ಣ ಹೆಸರು, ಟಿಎನ್‌ಎಂ, ಪತ್ತೆಯಾದ ದಿನಾಂಕ, ಪಡೆದ ಚಿಕಿತ್ಸೆಗಳು, ಕೊನೆಯ ಸ್ಕ್ಯಾನ್‌ನ ದಿನಾಂಕ ಮತ್ತು ಫಲಿತಾಂಶ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು, ಅಲರ್ಜಿಗಳು ಇರಲಿ. ಸ್ಕ್ಯಾನ್‌ಗೆ ಮುಂಚೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ದ್ರವದಿಂದ ಎಂದಾದರೂ ಅಲರ್ಜಿ ಆಗಿದ್ದರೆ ಅದನ್ನು ಮೇಲ್ಭಾಗದಲ್ಲೇ ಬರೆಯಿರಿ. ಈ ಪುಟವನ್ನು ನಿಮ್ಮ ಕ್ಯಾನ್ಸರ್ ತಜ್ಞರಿಗೆ ತೋರಿಸಿ ಒಮ್ಮೆ ಸರಿಪಡಿಸಿಕೊಳ್ಳುವುದು ಅಗತ್ಯ.

ಅದರಲ್ಲಿ ಕೆಲವು ಸಾಲುಗಳು ಜೀವ ಉಳಿಸುವಂಥವು. ನಿಮಗೆ ಅನ್ವಯಿಸುವುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರೆ ನೀವು ಉಸಿರಾಡುವುದು ಕುತ್ತಿಗೆಯ ರಂಧ್ರದಿಂದ ಮಾತ್ರ. ತುರ್ತಿನಲ್ಲಿ ಆಮ್ಲಜನಕವನ್ನು ಬಾಯಿ ಮೂಗಿಗೆ ಹಿಡಿದರೆ ಅದು ಶ್ವಾಸಕೋಶವನ್ನು ತಲುಪುವುದಿಲ್ಲ. ಇದನ್ನು ತಿಳಿಸುವ ಚೀಟಿ ಸದಾ ಜೇಬಿನಲ್ಲಿರಬೇಕು. ಎದೆಯೊಳಗಿನ ಜರ್ಮ್ ಸೆಲ್ ಗಡ್ಡೆ ಅಥವಾ ಲಿಂಫೋಮಾಕ್ಕಾಗಿ ಬ್ಲಿಯೊಮೈಸಿನ್ ಔಷಧಿ ಪಡೆದಿದ್ದವರು, ಮುಂದೆ ಯಾವುದೇ ಶಸ್ತ್ರಚಿಕಿತ್ಸೆ ಇದ್ದಾಗ, ಅದು ಹಲ್ಲಿನದೇ ಇರಲಿ ಹೊಟ್ಟೆಯದೇ ಇರಲಿ, ಅರಿವಳಿಕೆ ತಜ್ಞರಿಗೆ ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಅಂಥವರಲ್ಲಿ ಹೆಚ್ಚು ಸಾಂದ್ರತೆಯ ಆಮ್ಲಜನಕ ಶ್ವಾಸಕೋಶಕ್ಕೆ ಹಾನಿ ಮಾಡಬಹುದೆಂಬ ಎಚ್ಚರಿಕೆ ಇದೆ. ಡಾಕ್ಸೊರುಬಿಸಿನ್ ಎಂಬ ಕಿಮೊಥೆರಪಿ ಔಷಧಿ ಪಡೆದಿದ್ದರೆ ಒಟ್ಟು ಪ್ರಮಾಣವನ್ನು ಬರೆಯಿರಿ. ಹೃದಯಕ್ಕೆ ಆಗುವ ಹಾನಿ ಜೀವಮಾನದ ಒಟ್ಟು ಪ್ರಮಾಣವನ್ನು ಅವಲಂಬಿಸಿರುತ್ತದೆ. ಒಂದು ಶ್ವಾಸಕೋಶವನ್ನೇ ಪೂರ್ತಿ ತೆಗೆದಿದ್ದರೆ, ಎಕ್ಸ್‌ರೇಯಲ್ಲಿ ಆ ಬದಿ ಬೆಳ್ಳಗೆ ಕಾಣುವುದು ನಿಮಗೆ ಸಹಜ ಎಂಬುದನ್ನು ಹೊಸ ವೈದ್ಯರು ತಿಳಿದಿರಬೇಕು.

ಹಂತ 5: ತಪಾಸಣೆಯ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಹಾಕಿ

ಮರುಕಳಿಸುವ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲ ಎರಡು ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುವುದರಿಂದ ಆರಂಭದಲ್ಲಿ ತಪಾಸಣೆ ಹತ್ತಿರ ಹತ್ತಿರ ಇರುತ್ತದೆ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡ 85ರಷ್ಟಿರುವ ನಾನ್ ಸ್ಮಾಲ್ ಸೆಲ್ ಬಗೆಯನ್ನು ಗುಣಪಡಿಸುವ ಉದ್ದೇಶದಿಂದ ಚಿಕಿತ್ಸೆ ಮಾಡಿದ್ದರೆ, ಮೊದಲ 2ರಿಂದ 3 ವರ್ಷ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ವೈದ್ಯರ ಪರೀಕ್ಷೆ ಮತ್ತು ಎದೆಯ ಸಿಟಿ, ನಂತರ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಮಾಡುತ್ತಾರೆ. ರೋಗ ಮೂರನೇ ಹಂತದಲ್ಲಿದ್ದಿದ್ದರೆ ಅಥವಾ ವಿಕಿರಣವೇ ಮುಖ್ಯ ಚಿಕಿತ್ಸೆಯಾಗಿದ್ದರೆ ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ ಕರೆಯಬಹುದು. ಸ್ಮಾಲ್ ಸೆಲ್ ಬಗೆ ಬೇಗ ಮರುಕಳಿಸುವ ಮತ್ತು ಮೆದುಳಿಗೆ ಹರಡುವ ಸ್ವಭಾವದ್ದಾದ್ದರಿಂದ ಮೊದಲ ವರ್ಷ 3ರಿಂದ 4 ತಿಂಗಳಿಗೊಮ್ಮೆ, ಎರಡನೇ ವರ್ಷ 6 ತಿಂಗಳಿಗೊಮ್ಮೆ ಮೆದುಳಿನ ಎಂಆರ್‌ಐಯನ್ನೂ ಮಾಡಿಸುವ ಪದ್ಧತಿ ಇದೆ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ ಗಂಟಲನ್ನು ದರ್ಶಕದಿಂದ ನೋಡುತ್ತಾರೆ. ಕುತ್ತಿಗೆಗೆ ವಿಕಿರಣ ಕೊಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆಯೂ ಬೇಕು. ಥೈಮಸ್ ಗಡ್ಡೆಗಳು ಅನೇಕ ವರ್ಷಗಳ ನಂತರವೂ ಮರುಕಳಿಸಬಲ್ಲವು, ಆದ್ದರಿಂದ ಅವುಗಳ ತಪಾಸಣೆ ಹತ್ತು ವರ್ಷದವರೆಗೂ ಮುಂದುವರಿಯುತ್ತದೆ.

ಐದು ವರ್ಷ ದಾಟಿತು, ಇನ್ನು ಬೇಡ ಎಂದು ಬಿಟ್ಟುಬಿಡುವುದು ನಾನು ಕೇಳುವ ಅತಿ ಸಾಮಾನ್ಯ ತಪ್ಪು. ಒಮ್ಮೆ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಹಳೆಯದಕ್ಕೆ ಸಂಬಂಧವಿಲ್ಲದ ಹೊಸ ಶ್ವಾಸಕೋಶದ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ವರ್ಷಕ್ಕೆ ಶೇಕಡ 1ರಿಂದ 2ರಷ್ಟು ಇರುತ್ತದೆ, ಮತ್ತು ಅದು ಐದನೇ ವರ್ಷಕ್ಕೆ ನಿಲ್ಲುವುದಿಲ್ಲ. ವಾರ್ಷಿಕ ಸಿಟಿಯ ಮುಖ್ಯ ಉದ್ದೇಶವೇ ಅದನ್ನು ಚಿಕ್ಕದಿರುವಾಗ ಹಿಡಿಯುವುದು. ಧೂಮಪಾನ ಮುಂದುವರಿದಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಚಿಕಿತ್ಸೆಯ ನಂತರ ಬಿಟ್ಟರೂ ಲಾಭವಿದೆ, ತಡವಾಯಿತೆಂದು ಕೈಚೆಲ್ಲಬೇಡಿ.

ಅತಿಯಾದ ಪರೀಕ್ಷೆಯೂ ತಪ್ಪೇ. ಲಕ್ಷಣಗಳಿಲ್ಲದಿರುವಾಗ ಪಿಇಟಿ ಸ್ಕ್ಯಾನನ್ನು (ಸಕ್ಕರೆಯನ್ನು ಹೆಚ್ಚು ಬಳಸುವ ಜಾಗಗಳು ಹೊಳೆಯುವಂತೆ ತೋರಿಸುವ ಸ್ಕ್ಯಾನ್) ವಾಡಿಕೆಯ ತಪಾಸಣೆಯಾಗಿ ಮಾಡಿಸಲು ಮಾರ್ಗಸೂಚಿಗಳು ಹೇಳುವುದಿಲ್ಲ, ಏಕೆಂದರೆ ಸೋಂಕು, ವಿಕಿರಣದ ನಂತರದ ಉರಿಯೂತ ಮೊದಲಾದವೂ ಅದರಲ್ಲಿ ಹೊಳೆಯುತ್ತವೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಟ್ಯೂಮರ್ ಮಾರ್ಕರ್ ಎಂಬ ರಕ್ತಪರೀಕ್ಷೆಗಳನ್ನು ಸಿಟಿಯ ಬದಲಿಗೆ ನಂಬುವುದೂ ಸರಿಯಲ್ಲ.

ಹಂತ 6: ನಡುವಿನ ದಿನಗಳಲ್ಲಿ ಲಕ್ಷಣಗಳ ದಿನಚರಿ ಇಡಿ

ಒಂದು ಪುಸ್ತಕದಲ್ಲಿ ತಿಂಗಳಿಗೊಮ್ಮೆ ತೂಕ, ವಿಶ್ರಾಂತಿಯಲ್ಲಿದ್ದಾಗ ಆಕ್ಸಿಮೀಟರ್ ತೋರಿಸುವ ಆಮ್ಲಜನಕದ ಮಟ್ಟ, ಎಷ್ಟು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂಬುದನ್ನು ಬರೆಯಿರಿ. ಕೈ ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಹೊಸ ಲಕ್ಷಣ ಕಂಡರೆ ಶುರುವಾದ ದಿನ ಮತ್ತು ಅದು ಹೆಚ್ಚುತ್ತಿದೆಯೇ ಎಂಬುದನ್ನು ನಮೂದಿಸಿ. ಮೂರು ವಾರ ಮೀರಿದ ಹೊಸ ಕೆಮ್ಮು, ಕಾರಣವಿಲ್ಲದೆ ಬದಲಾದ ಧ್ವನಿ, ತೂಕ ಇಳಿಯುವುದು, ಒಂದೇ ಜಾಗದಲ್ಲಿ ಬಿಡದೆ ಕಾಡುವ ಮೂಳೆ ನೋವು, ಇವುಗಳಿಗೆ ಮುಂದಿನ ನಿಗದಿತ ಭೇಟಿಯವರೆಗೆ ಕಾಯದೆ ವೈದ್ಯರನ್ನು ಕಾಣಿರಿ.

ಕೆಲವಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು: ಕೆಮ್ಮಿದಾಗ ರಕ್ತ ಬರುವುದು, ದಿಢೀರ್ ಉಸಿರಾಟದ ತೊಂದರೆ ಅಥವಾ ಎದೆನೋವು, ಒಂದು ಕಾಲು ಮಾತ್ರ ಊದಿಕೊಳ್ಳುವುದು, ಮುಖ ಮತ್ತು ಕುತ್ತಿಗೆ ಊದುವುದು, ಬೆನ್ನುನೋವಿನ ಜೊತೆ ಕಾಲುಗಳಲ್ಲಿ ಬಲಹೀನತೆ ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ಹೊಸ ತಲೆನೋವಿನೊಂದಿಗೆ ವಾಂತಿ, ಫಿಟ್ಸ್, ಮಾತು ತೊದಲುವುದು. ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿದ್ದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಗಬೇಕು, ಇಲ್ಲವಾದರೆ ಕಾಲಿನ ಶಕ್ತಿ ಮರಳದಿರಬಹುದು.

ಹಂತ 7: ಚಿಕಿತ್ಸೆಯ ತಡವಾದ ಪರಿಣಾಮಗಳನ್ನು ರೋಗವೆಂದು ತಿಳಿಯಬೇಡಿ, ಕಡೆಗಣಿಸಲೂ ಬೇಡಿ

ಎದೆಗೆ ವಿಕಿರಣ ಪಡೆದವರಲ್ಲಿ ಚಿಕಿತ್ಸೆ ಮುಗಿದ 1ರಿಂದ 6 ತಿಂಗಳ ನಡುವೆ ಒಣ ಕೆಮ್ಮು, ಏದುಸಿರು, ಸಣ್ಣ ಜ್ವರ ಕಾಣಿಸಿಕೊಳ್ಳಬಹುದು. ಇದು ವಿಕಿರಣದಿಂದ ಶ್ವಾಸಕೋಶಕ್ಕೆ ಆಗುವ ಉರಿಯೂತ. ಇದಕ್ಕೆ ಸ್ಟೆರಾಯ್ಡ್ ಬೇಕಾಗಬಹುದು. ವಿಕಿರಣದ ವಿಷಯ ತಿಳಿಯದ ವೈದ್ಯರು ಇದನ್ನು ಸೋಂಕೆಂದು ಭಾವಿಸಿ ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಕೊಡುವ ಸಂದರ್ಭಗಳಿವೆ. ಆದ್ದರಿಂದ ವಿಕಿರಣ ಮುಗಿದ ದಿನಾಂಕವನ್ನು ನೀವೇ ಮೊದಲು ಹೇಳಿ. ಮುಂದೆ ಅದೇ ಜಾಗದಲ್ಲಿ ಕಲೆ ಗಟ್ಟಿಯಾಗಿ ಸಿಟಿಯಲ್ಲಿ ಗಡ್ಡೆಯಂತೆ ಕಾಣಬಹುದು. ಅಲ್ಲಿಯೂ ಹಳೆಯ ಚಿತ್ರಗಳ ಸಾಲೇ ಸಂದೇಹ ಬಗೆಹರಿಸುತ್ತದೆ.

ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎಚ್ಚರಿಸುವ ಚಿಕಿತ್ಸೆ ಪಡೆದವರಲ್ಲಿ, ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಥೈರಾಯ್ಡ್, ಕರುಳು, ಶ್ವಾಸಕೋಶ, ಅಡ್ರಿನಲ್ ಗ್ರಂಥಿಗಳ ತೊಂದರೆ ಬರಬಹುದು. ವಿಪರೀತ ಸುಸ್ತು, ತಲೆಸುತ್ತು, ನಿಲ್ಲದ ಭೇದಿ ಬಂದರೆ ಈ ಚಿಕಿತ್ಸೆಯ ಹೆಸರನ್ನು ಹೇಳಿಯೇ ಮಾತು ಆರಂಭಿಸಿ. ಸಿಸ್ಪ್ಲಾಟಿನ್ ಎಂಬ ಕಿಮೊಥೆರಪಿ ಔಷಧಿಯಿಂದ ಕಿವಿ, ಮೂತ್ರಪಿಂಡ, ಕೈಕಾಲಿನ ನರಗಳಿಗೆ ಹಾನಿಯಾಗಬಹುದು. ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದ ಜಾಗದಲ್ಲಿ ಎರಡು ತಿಂಗಳು ಮೀರಿ ಉರಿ, ಜೋಮು ಉಳಿದರೆ ಅದು ನರದ ನೋವು. ಅದಕ್ಕೆ ಬೇರೆಯೇ ಔಷಧಿಗಳಿವೆ, ಸಹಿಸಿಕೊಂಡು ಕೂರಬೇಡಿ. ಚಿಕ್ಕ ವಯಸ್ಸಿನಲ್ಲಿ ಎದೆಗೆ ವಿಕಿರಣ ಪಡೆದ ಮಹಿಳೆಯರು ಸ್ತನ ತಪಾಸಣೆಯನ್ನು ಇತರರಿಗಿಂತ ಬೇಗ, ಸಾಮಾನ್ಯವಾಗಿ ವಿಕಿರಣದ 8 ವರ್ಷಗಳ ನಂತರ, ಆರಂಭಿಸುವ ಬಗ್ಗೆ ಕೇಳಬೇಕು. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆಗಳ ದಿನಾಂಕಗಳಿಗೂ ಕಡತದಲ್ಲಿ ಒಂದು ಸಾಲು ಮೀಸಲಿಡಿ.

ಹಂತ 8: ಭೇಟಿಯ ದಿನ

ಸ್ಕ್ಯಾನ್‌ನ ದಿನಕ್ಕೂ ವೈದ್ಯರ ಭೇಟಿಗೂ ನಡುವೆ ಹೆಚ್ಚು ಅಂತರವಿಲ್ಲದಂತೆ ಗೊತ್ತುಮಾಡಿಕೊಳ್ಳಿ. ಫಲಿತಾಂಶಕ್ಕಾಗಿ ಕಾಯುವ ದಿನಗಳು ಎಷ್ಟು ಭಾರ ಎಂಬುದು ಅನುಭವಿಸಿದವರಿಗೇ ಗೊತ್ತು. ಆ ಆತಂಕವನ್ನು ವೈದ್ಯರಿಗೆ ಹೇಳಿಕೊಳ್ಳುವುದು ದೌರ್ಬಲ್ಯವಲ್ಲ, ಅದಕ್ಕೂ ನೆರವು ಇದೆ. ಪ್ರಶ್ನೆಗಳನ್ನು ಮುಂಚೆಯೇ ಬರೆದು, ಮುಖ್ಯವಾದುದನ್ನು ಮೊದಲು ಕೇಳಿ. ಹೊರಬರುವ ಮುನ್ನ ನಾಲ್ಕು ವಿಷಯಗಳು ನಿಮ್ಮ ಪುಸ್ತಕದಲ್ಲಿರಲಿ: ಈ ಬಾರಿಯ ಫಲಿತಾಂಶ, ಹಿಂದಿನದಕ್ಕೆ ಹೋಲಿಸಿದರೆ ಏನು ಬದಲಾವಣೆ, ಮುಂದಿನ ಪರೀಕ್ಷೆ ಯಾವುದು ಮತ್ತು ಯಾವಾಗ, ನಡುವೆ ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು. ಮನೆಗೆ ಬಂದ ದಿನವೇ ಒಂದು ಪುಟದ ಸಾರಾಂಶವನ್ನು ತಿದ್ದಿ, ಮೇಲೆ ಹೊಸ ದಿನಾಂಕ ಹಾಕಿ, ಹಳೆಯ ಪ್ರತಿಯನ್ನು ತೆಗೆದುಹಾಕಿ.

ಮೂಲ ಕಾಗದಗಳನ್ನು ಯಾರಿಗೂ ಕೊಡಬೇಡಿ, ನಕಲು ಕೊಡಿ. ವರದಿಗಳನ್ನು ಗುಂಪು ಸಂದೇಶಗಳಲ್ಲಿ ಹಂಚಬೇಡಿ. ಅವುಗಳಲ್ಲಿ ನಿಮ್ಮ ಗುರುತಿನ ವಿವರಗಳೆಲ್ಲ ಇರುತ್ತವೆ. ನೀವು ಮಾತನಾಡಲಾಗದ ಸ್ಥಿತಿಯಲ್ಲಿದ್ದಾಗ ಕಡತ ತಂದುಕೊಡಬಲ್ಲ ಒಬ್ಬರಿಗಾದರೂ ಅದು ಎಲ್ಲಿದೆ, ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ತೆರೆಯುವುದು ಹೇಗೆ ಎಂಬುದನ್ನು ತೋರಿಸಿಕೊಡಿ, ಮತ್ತು ಅವರ ಹೆಸರು ಹಾಗೂ ದೂರವಾಣಿ ಸಂಖ್ಯೆಯನ್ನು ಸಾರಾಂಶದ ಪುಟದ ಕೊನೆಯಲ್ಲಿ ಬರೆದಿಡಿ.